ಬಲ್ಬ್ ಪಾಪದ್ದು, ತಪ್ಪು ವೈರಿನದು

ಕಾರಿನ ಹೆಡ್‌ಲೈಟ್ ಮಂಕಾಯ್ತು ಅಂದ ಕೂಡಲೇ ನಮ್ಮ ಕೈ ಎಲ್ಲಿಗೆ ಹೋಗುತ್ತದೆ? ಬಲ್ಬಿಗೆ, ಅಲ್ವಾ?

ನಾನೂ ಹಾಗೇ ಮಾಡಿದವನು. ಒಂದು ಸಲ ಬದಲಾಯಿಸಿದೆ. ಎರಡನೇ ಸಲ ಇನ್ನೂ ದುಬಾರಿಯದ್ದು ತಂದು ಹಾಕಿದೆ. ಎಡಗಡೆ ಲೈಟ್ ಮಾತ್ರ ಚಿಮಣಿ ಬುಡ್ಡಿಯ ಹಾಗೆ ಹಳದಿಯಾಗಿಯೇ ಇತ್ತು. ಕೊನೆಗೆ ಸಿಕ್ಕಿದ್ದು ಕಾರಿನ ಲೋಹದ ಮೈಗೆ ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಕೊಟ್ಟಿದ್ದ ಒಂದು ಬೋಲ್ಟ್. ಅದರಡಿ ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ, ಅಷ್ಟೇ. ಅನುಮಾನಕ್ಕೆ ಹಳೇ ಬಲ್ಬನ್ನೇ ವಾಪಸ್ ಹಾಕಿದೆ. ಅದೂ ಜೋರಾಗಿ ಉರಿಯಿತು, ನನ್ನ ಹೊಟ್ಟೆಯೂ ಉರಿಯಿತು.

ಹ್ಯಾಲೊಜನ್ ಬಲ್ಬಿನ ಸ್ವಭಾವ ಹಾಗಿದೆ. ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಇಳಿಯುವುದು ಸುಮಾರು ಶೇಕಡಾ 30. ಕಿಲುಬು ಹಿಡಿದ ಒಂದು ಪಿನ್, ಸಡಿಲವಾದ ಒಂದು ಅರ್ಥ್ ಸಾಕು, ದಾರಿಯಲ್ಲೇ ಒಂದೆರಡು ವೋಲ್ಟ್ ತಿಂದುಬಿಡುತ್ತದೆ.

ಇದನ್ನು ಹಿಡಿಯುವುದಕ್ಕೆ ಒಂದು ಮಲ್ಟಿಮೀಟರ್ ಸಾಕು. ಆದರೆ ಲೈಟ್ ಉರಿಯುತ್ತಿರುವಾಗಲೇ ಅಳೆಯಿರಿ. ಸಾಕೆಟ್ ಬಿಚ್ಚಿಟ್ಟು ಅಳೆದರೆ ಕರೆಂಟ್ ಹರಿಯುವುದಿಲ್ಲ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ನೀವೂ ಮೋಸ ಹೋಗುತ್ತೀರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ಥ್ ಪಿನ್ನಿಗೆ ಇಡಿ. ಸೊನ್ನೆಯ ಹತ್ತಿರ ಬಂದರೆ ಅರ್ಥ್ ಸರಿ ಇದೆ. ಒಂದು ವೋಲ್ಟ್ ಬಂತೋ, ಕಳ್ಳ ಸಿಕ್ಕಿದ. ಪ್ಲಸ್ ಕಡೆಗೂ ಹೀಗೇ ನೋಡಬಹುದು.

ಎರಡೂ ಲೈಟ್ ಒಟ್ಟಿಗೇ ಹೋದರೆ ಮೊದಲು ಫ್ಯೂಸ್, ರಿಲೇ (ಸ್ವಿಚ್ಚಿನ ಮಾತು ಕೇಳಿ ಲೈಟಿಗೆ ಕರೆಂಟ್ ಬಿಡುವ ಡಬ್ಬಿ), ಸ್ವಿಚ್ ನೋಡಿ. ಎರಡು ಬಲ್ಬ್ ಮಾತಾಡಿಕೊಂಡು ಒಂದೇ ಕ್ಷಣಕ್ಕೆ ಸಾಯುವುದು ತೀರಾ ಅಪರೂಪ.

ಇನ್ನು ನನಗೆ ಸಿಟ್ಟು ಬರಿಸುವ ವಿಷಯ. ಬೆಳಕು ಸಾಲದು ಅಂತ 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಎಚ್4 ಮಾದರಿಯ ಬಲ್ಬಿನ ಜಾಗಕ್ಕೆ 100 ವ್ಯಾಟಿನದ್ದು ತುರುಕುವುದು. 60 ವ್ಯಾಟಿಗೆ 5 ಆಂಪಿಯರ್ ಹರಿಯುತ್ತಿದ್ದ ವೈರಿನಲ್ಲಿ ಈಗ 8ಕ್ಕಿಂತ ಜಾಸ್ತಿ. ಕರೆಂಟ್ ಒಂದೂವರೆ ಪಟ್ಟು ಆದರೆ ವೈರಿನ ಬಿಸಿ ಎರಡು ಪಟ್ಟು ದಾಟುತ್ತದೆ. ಹೋಲ್ಡರ್ ಕರಗಿ ಕಪ್ಪಾಗುವುದು ಹೀಗೇ. ಅದಕ್ಕೆ ಫ್ಯೂಸ್ ಹೋದರೆ ಇನ್ನೂ ದೊಡ್ಡ ಫ್ಯೂಸ್ ಹಾಕುವವರಿದ್ದಾರೆ! ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಹ್ಯಾಲೊಜನ್ ರಿಫ್ಲೆಕ್ಟರಿಗೆ ಸುಮ್ನೆ ಎಲ್‌ಇಡಿ ಸಿಕ್ಕಿಸುವುದೂ ಬೇಡ. ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ.

ಬಲ್ಬೇ ಸುಟ್ಟಿದ್ದರೆ ಬದಲಾಯಿಸಿ, ಬೇಡ ಅನ್ನುವುದಿಲ್ಲ. ಹೊಸದರ ಗಾಜನ್ನು ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಜಾಸ್ತಿ ಕಾದು ಬೇಗ ಹೋಗುತ್ತದೆ. ಹೊರಗಿನ ಪ್ಲಾಸ್ಟಿಕ್ ಲೆನ್ಸ್ ಬಿಸಿಲಿಗೆ ಹಳದಿಯಾಗಿದ್ದರೆ ಅದನ್ನೂ ಪಾಲಿಶ್ ಮಾಡಿಸಿ.

ನನ್ನ ಕಾರಿನ ಬಲಗಡೆ ಅರ್ಥ್ ಬೋಲ್ಟ್ ಇನ್ನೂ ಬಿಚ್ಚಿಲ್ಲ. ಉಪ್ಪುಕಾಗದ ಅರ್ಧ ಹಾಳೆ ಉಳಿದಿದೆ. ಹೋಗಿ ನೋಡ್ತೀನಿ.