ಮೊದಲು ಕೆಳಗೇನಿದೆ ನೋಡಿ

ಎಲ್ಲರಿಗೂ ನಮಸ್ಕಾರ.

ಈಚೆಗೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಸಾರ್, ವಿಂಡೋಸ್ 10 ಮುಗೀತಂತೆ, ನಮ್ಮ ಕಂಪ್ಯೂಟರ್‌ಗಳನ್ನೆಲ್ಲ ಗುಜರಿಗೆ ಹಾಕಬೇಕಾ?" ಅದಕ್ಕೇ ಇವತ್ತು ಈ ಮಾತು ಆಡಲೇಬೇಕು ಅಂತ ಬಂದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ನಿಜ. ಅದೇ ದಿನ ವರ್ಡ್, ಎಕ್ಸೆಲ್ ಎಲ್ಲ ಇರುವ ಮೈಕ್ರೋಸಾಫ್ಟ್ ಆಫೀಸಿನ 2016, 2019 ಎರಡರದ್ದೂ ನಿಂತಿತು. ಗಾಬರಿ ಆಗುವುದು ಸಹಜ. ಆದರೆ ಬೆಂಬಲ ನಿಂತ ದಿನ ಕಂಪ್ಯೂಟರ್ ನಿಲ್ಲುವುದಿಲ್ಲ. ಸುರಕ್ಷತೆಯ ಅಪ್‌ಡೇಟ್ ಬರುವುದು ನಿಲ್ಲುತ್ತದೆ. ಇವೆರಡಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಹೊಸದನ್ನು ಕೊಂಡವರು ಎಷ್ಟೋ ಜನ.

ಹೊಸ ಆಫೀಸ್ ಹಳೆಯ ವಿಂಡೋಸ್ ಮೇಲೆ ಯಾಕೆ ಕೂರುವುದಿಲ್ಲ? ವರ್ಡ್ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ತೆರೆಯ ಮೇಲೆ ಅಕ್ಷರ ಮೂಡಿಸುವುದು, ಫೈಲ್ ಉಳಿಸುವುದು, ಇಂಟರ್ನೆಟ್ಟಿಗೆ ಹೋಗುವುದು, ಇದಕ್ಕೆಲ್ಲ ಕೆಳಗಿನ ವಿಂಡೋಸನ್ನು ಕೇಳುತ್ತದೆ. ಮದುವೆ ಮನೆಗೆ ಹೊಸ ಅಡುಗೆಯವರು ಬಂದು ಗ್ರೈಂಡರ್ ಎಲ್ಲಿ ಅಂತಾರೆ. ಅಲ್ಲಿರುವುದು ಒರಳುಕಲ್ಲು. ಒರಳಲ್ಲೂ ಚಟ್ನಿ ಆಗುತ್ತೆ, ಆದರೆ ಅವರು ಅಡುಗೆ ಕಲಿತಿದ್ದೇ ಗ್ರೈಂಡರ್ ನಂಬಿಕೊಂಡು. ಆಫೀಸ್ 2010 ಹಳೆಯ ವಿಂಡೋಸ್ ಎಕ್ಸ್‌ಪಿ ಮೇಲೆ ನಡೆಯುತ್ತಿತ್ತು, ಅದಕ್ಕೆ ಸರ್ವಿಸ್ ಪ್ಯಾಕ್ 3 ಅನ್ನುವ ಅಪ್‌ಡೇಟ್ ಹಾಕಿರಬೇಕಿತ್ತು ಅಷ್ಟೆ. ಆಫೀಸ್ 2013ಕ್ಕೆ ವಿಂಡೋಸ್ 7 ಆದರೂ ಬೇಕು. ಆಫೀಸ್ 2019ಕ್ಕೆ ವಿಂಡೋಸ್ 10 ಆದರೂ ಬೇಕೇ ಬೇಕು.

ಇದು ಬರೀ ವ್ಯಾಪಾರದ ಆಟ ಅಂತ ಕೆಲವರು ಸಿಟ್ಟಾಗುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆಫೀಸಿನಂಥದೇ ಕೆಲಸ ಮಾಡುವ ಲಿಬ್ರೆಆಫೀಸ್‌ಗೆ ಯಾರೂ ದುಡ್ಡು ಕೊಡಬೇಕಿಲ್ಲ. ಅದೂ 5.4ನೇ ಆವೃತ್ತಿಯ ನಂತರ ಹಳೆಯ ವಿಂಡೋಸ್‌ಗಳಾದ ಎಕ್ಸ್‌ಪಿ, ವಿಸ್ತಾ ಬಿಟ್ಟಿತು. 2025ರಲ್ಲಿ ಬಂದ 25.8 ಆವೃತ್ತಿ ವಿಂಡೋಸ್ 7, 8 ಎರಡನ್ನೂ ಕೈಬಿಟ್ಟಿತು. ಪ್ರತಿಯೊಂದು ಹಳೆಯ ವಿಂಡೋಸ್ ಮೇಲೂ ಪರೀಕ್ಷೆ ಮಾಡುತ್ತಾ ಕೂತರೆ ಹೊಸ ಕೆಲಸ ಸಾಗುವುದಿಲ್ಲ. ನನ್ನ ತಕರಾರು ಬೇರೆ. ಕೊಳ್ಳುವ ಮೊದಲು ಕೆಳಗೇನಿದೆ ಅಂತ ನಾವು ನೋಡುವುದಿಲ್ಲ.

ಒಂದು ಕಥೆ ಹೇಳುತ್ತೇನೆ. ಕೆಲವರು ಮೊದಲೇ ಕೇಳಿದ್ದೀರಿ, ಇನ್ನೊಂದು ಸಲ ಕೇಳಿ.

2014. ಎಕ್ಸ್‌ಪಿಯ ಬೆಂಬಲ ಏಪ್ರಿಲ್ 8ಕ್ಕೆ ನಿಂತ ವರ್ಷ. ಬಸವನಗುಡಿ ಕಡೆ ಒಂದು ಸಣ್ಣ ಸಹಕಾರ ಸಂಘ, ಅದರ ಕಂಪ್ಯೂಟರಿನ ಎಎಂಸಿ, ಅಂದರೆ ವರ್ಷವಿಡೀ ನೋಡಿಕೊಳ್ಳುವ ಗುತ್ತಿಗೆ, ನನ್ನದು. ಒಂದೇ ಕಂಪ್ಯೂಟರ್, ಪೆಂಟಿಯಂ 4, ಎಕ್ಸ್‌ಪಿ. ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಪಾಸ್‌ಬುಕ್ ಒಳಗೆ ಇಟ್ಟರೆ ಕರ್ ಕರ್ ಅಂತ ಸಾಲು ಸಾಲಾಗಿ ಹೊಡೆಯೋದು. ಆ ಸದ್ದು ಕೇಳಿದರೇನೇ ವಯಸ್ಸಾದವರಿಗೆ ದುಡ್ಡು ಜಮಾ ಆಯ್ತು ಅನ್ನೋ ಧೈರ್ಯ.

ಸಂಘದವರು ಹುರುಪಿನಿಂದ ಆಫೀಸ್ 2013 ತಂದರು. ಇನ್‌ಸ್ಟಾಲ್ ಮಾಡಲು ಹೋದರೆ ಈ ಆಪರೇಟಿಂಗ್ ಸಿಸ್ಟಮ್‌ಗೆ ಆಗಲ್ಲ ಅಂತ ಬಂತು. ಅಲ್ಲಿನ ಗುಮಾಸ್ತೆ ನನಗೆ ಫೋನ್ ಮಾಡಿದರು. "ಸಾರ್, ಡಬ್ಬ ಚೆನ್ನಾಗಿದೆ, ಒಳಗಿರೋದು ಕೂರ್ತಾ ಇಲ್ಲ." ನಾನು ಹೋಗುವ ಹೊತ್ತಿಗೆ ಹೊಸ ಕಂಪ್ಯೂಟರ್‌ಗೂ ಆರ್ಡರ್ ಕೊಟ್ಟಾಗಿತ್ತು. ವಿಂಡೋಸ್ 8, 64 ಬಿಟ್. ಆಫೀಸ್ ಲಕ್ಷಣವಾಗಿ ಕೂತಿತು, ಎಲ್ಲರಿಗೂ ಖುಷಿ.

ಮಾರನೇ ದಿನ ಪಾಸ್‌ಬುಕ್ ನಿಂತಿತು. ಪ್ರಿಂಟರಿನ 25 ಪಿನ್ನಿನ ದಪ್ಪ ಕೇಬಲ್ಲಿಗೆ ಹೊಸ ಕಂಪ್ಯೂಟರ್‌ನಲ್ಲಿ ಜಾಗವೇ ಇಲ್ಲ. ಯಾರೋ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಓಡಿ, ಆ ಕೇಬಲ್ ಕೂರಿಸಲು ಒಂದು ಪೋರ್ಟ್ ಕಾರ್ಡ್ ತಂದರು. ಹಾಕಿದೆ. ಆಗಲೂ ಇಲ್ಲ. ಯಾಕೆ ಅಂದರೆ ಲೆಡ್ಜರ್ ಬರೆಯುತ್ತಿದ್ದದ್ದು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಪ್ರೋಗ್ರಾಂ. 16 ಬಿಟ್ಟಿನದು. 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ. ಕಾಗದ ಪತ್ರ ಬರೆಯುವ ಸಾಫ್ಟ್‌ವೇರ್‌ಗೋಸ್ಕರ ಲೆಕ್ಕ ಬರೆಯುವ ಯಂತ್ರವನ್ನೇ ಕಿತ್ತುಹಾಕಿದ್ದರು. ಪಿಂಚಣಿ ದುಡ್ಡು ಇಟ್ಟ ಅಜ್ಜಿಯರು ಪಾಸ್‌ಬುಕ್ ಕೈಯಲ್ಲಿ ಹಿಡಿದು ಬಂದು ವಾಪಸ್ ಹೋಗುತ್ತಿದ್ದರು. ಅದನ್ನು ನೋಡಿ ನನಗೆ ತುಂಬಾ ಸಂಕಟ ಆಯಿತು.

ಕೊನೆಗೆ ಹಳೆಯದನ್ನೇ ಮತ್ತೆ ಮೇಜಿಗೆ ಏರಿಸಿದೆ. ನೆಟ್‌ವರ್ಕ್ ವೈರ್ ಕಿತ್ತುಹಾಕಿದೆ, ಇಂಟರ್ನೆಟ್ ಸಹವಾಸವೇ ಬೇಡ ಅಂತ. ಅದು ಲೆಕ್ಕಕ್ಕೆ ಮಾತ್ರ, ಹೊಸದು ಪತ್ರಕ್ಕೆ. ಕರ್ ಕರ್ ಸದ್ದು ಶುರುವಾದಾಗ ಗುಮಾಸ್ತೆ ಚಪ್ಪಾಳೆ ತಟ್ಟಿದರು.

ಕಥೆ ಮುಗಿಯಲಿಲ್ಲ. ಹೊಸದರಲ್ಲಿ ವರ್ಡಿನಲ್ಲಿ ಬರೆದ ಡಾಕ್ಸ್ (.docx) ಫೈಲ್ ಹಳೆಯದರ ಆಫೀಸ್ 2003ರಲ್ಲಿ ತೆರೆಯಲಿಲ್ಲ. 2007ರಲ್ಲಿ ಫೈಲಿನ ರೀತಿಯೇ ಬದಲಾಯಿತಲ್ಲ. ಆಗ ಹೊಸ ಫೈಲನ್ನು ಹಳೆಯ ಆಫೀಸಿನಲ್ಲಿ ತೆರೆಯಲು ಕಂಪ್ಯಾಟಿಬಿಲಿಟಿ ಪ್ಯಾಕ್ ಅಂತ ಒಂದು ಸಿಗುತ್ತಿತ್ತು, ಅದನ್ನು ಹಾಕಿದೆ. 2018ರಲ್ಲಿ ಅದನ್ನೂ ನಿಲ್ಲಿಸಿದರು. ಒಂದು ವಿಷಯ ತಿಳಿದುಕೊಳ್ಳಿ: ಡಾಕ್ಸ್ ಅನ್ನುವುದು ಜಿಪ್ ಮಾಡಿದ ಒಂದು ಗಂಟು. ಫೈಲಿನ ಒಂದು ನಕಲು ಮಾಡಿ, ಹೆಸರಿನ ಕೊನೆಯ .docx ಅನ್ನುವ ಬಾಲ ತೆಗೆದು .zip ಅಂತ ಹಾಕಿ. ಎಕ್ಸ್‌ಪಿಯೇ ಗಂಟು ಬಿಚ್ಚುತ್ತದೆ. ಒಳಗೆ ವರ್ಡ್ ಅನ್ನುವ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ ಅನ್ನುವ ಎಕ್ಸ್‌ಎಂಎಲ್ ಫೈಲ್. ನೀವು ಬರೆದ ಮಾತೆಲ್ಲ ಅಲ್ಲೇ ಇರುತ್ತದೆ. ಅಂದ ಚಂದ ಇರುವುದಿಲ್ಲ, ಮಾತು ಇರುತ್ತದೆ. ಆಪತ್ತಿಗೆ ಅಷ್ಟು ಸಾಕಲ್ವಾ?

ಇನ್ನು ಕನ್ನಡ. ಇಲ್ಲಿ ಡಿಟಿಪಿ, ಅಂದರೆ ಅಚ್ಚಿಗೆ ಪುಟ ಜೋಡಿಸುವ ಕೆಲಸ, ಮಾಡುವವರು ಜಾಸ್ತಿ ಜನ ಇದ್ದೀರಿ. ಸಂಘದ ಹತ್ತು ವರ್ಷದ ಸಭಾ ನೋಟಿಸು ಹಳೆಯ ಫಾಂಟಿನಲ್ಲಿತ್ತು. ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅದರ ಮೇಲೊಂದು ಟೋಪಿ, ಕೆಳಗೊಂದು ಬಾಲ. ಕನ್ನಡವೇ ಇಲ್ಲ! ಫಾಂಟು ಹಾಕಿದರೆ ಕಾಣುತ್ತದೆ, ತೆಗೆದರೆ ಮಾಯ. ಅಂದರೆ ಫೈಲಿನಲ್ಲಿ ಇದ್ದದ್ದು ಕನ್ನಡದ ಚಿತ್ರ, ಕನ್ನಡ ಅಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಬರೆದರೆ ಈ ತಾಪತ್ರಯ ಇಲ್ಲ. ಎಕ್ಸ್‌ಪಿಯಲ್ಲೇ ತುಂಗಾ ಫಾಂಟು ಬಂದಿತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಟಿಕ್ ಹಾಕದಿದ್ದರೆ ಒತ್ತಕ್ಷರ ಕೂಡಿಕೊಳ್ಳುತ್ತಿರಲಿಲ್ಲ. ಎಷ್ಟೋ ಜನ ಆ ಒಂದು ಟಿಕ್ ಗೊತ್ತಿಲ್ಲದೆ ಯೂನಿಕೋಡ್ ಸರಿ ಇಲ್ಲ ಅಂದುಕೊಂಡರು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಾದ ನುಡಿ, ಬರಹ ಎರಡರಲ್ಲೂ ಹಳೆಯದನ್ನು ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯ ಇದೆ. ದಯವಿಟ್ಟು ಬಳಸಿ. ಯಂತ್ರ, ಆಫೀಸು, ಫೈಲು, ಅಕ್ಷರ, ಎಲ್ಲದಕ್ಕೂ ನನ್ನದು ಅದೇ ಮಾತು. ಮೊದಲು ಕೆಳಗೇನಿದೆ ನೋಡಿ.

ಚೀಟಿ ಬಂತು, ಐದು ನಿಮಿಷ ಅಂತ. ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಬಗ್ಗೆ ಹೇಳಬೇಕಿತ್ತು, ಇನ್ನೊಮ್ಮೆ ಹೇಳುತ್ತೇನೆ. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರ ಅದರಲ್ಲಿ ಆರಾಮವಾಗಿ ಓಡುತ್ತದೆ, ಅಷ್ಟು ನೆನಪಿಡಿ.

ವಿಂಡೋಸ್ 10 ಇರುವವರು ಇವತ್ತೇ ಏನನ್ನೂ ಕೊಳ್ಳಬೇಡಿ. ಮನೆಯ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟ್‌ನಲ್ಲಿ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ. ಅಷ್ಟರಲ್ಲಿ ಯಾವ ಯಂತ್ರ ಯಾವ ಕೆಲಸ ಮಾಡುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಪಾಜ್ (Pause) ಕೀ ಒತ್ತಿ. ಯಾವ ವಿಂಡೋಸ್, 32 ಬಿಟ್ಟೋ 64 ಬಿಟ್ಟೋ, ರ್‍ಯಾಮ್ ಎಷ್ಟು, ಎಲ್ಲ ಕಾಣುತ್ತದೆ. ಪ್ರಿಂಟರ್ ಯಾವುದು, ಲೆಕ್ಕದ ಪ್ರೋಗ್ರಾಂ ಯಾವುದು, ಅದನ್ನೂ ಬರೆಯಿರಿ. ಆ ಹಾಳೆ ಹಿಡಿದುಕೊಂಡು ಅಂಗಡಿಗೆ ಹೋಗಿ.

ಹಿಂದಿನ ಮೇಜಿನ ಮೇಲೆ ನನ್ನ ಎಕ್ಸ್‌ಪಿ ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಪೆನ್ ಡ್ರೈವ್‌ನಲ್ಲಿ ತೆರೆಯದ ಹಳೆಯ ಫೈಲ್ ತಂದಿರುವವರು ಕಾಫಿ ತೊಗೊಂಡು ಅಲ್ಲಿಗೇ ಬನ್ನಿ.