ಹಾವಿನ ಸೂಜಿ ಪುಡಿಯಾಗಿ ಯಾಕೆ ಬರುತ್ತದೆ?

ಕೇಳುಗರಿಗೆ ನಮಸ್ಕಾರ. ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಕಲಬುರಗಿ ಕಡೆಯ ಆಸ್ಪತ್ರೆಯೊಳಗೆ ಈ ಮಾತು ಕೇಳಿಸುತ್ತಲೇ ಇರುತ್ತದೆ: "ಮೇಡಂ, ಲಗೂನ ಸೂಜಿ ಮಾಡ್ರಿ. ಬಾಟ್ಲಿ ಹೊರಳಿಸ್ಕೋತ ಯಾಕ ನಿಂತೀರಿ?"

ಪಾಪ, ಹಾವು ಕಚ್ಚಿಸಿಕೊಂಡವನ ಅಣ್ಣನ ಸಂಕಟ ಅದು. ಆದರೆ ನರ್ಸ್ ಕೈಯಲ್ಲಿರುವ ಪುಟ್ಟ ಗಾಜಿನ ಬಾಟಲಿಯಲ್ಲಿ ಬಿಳಿ ಪುಡಿ ಇದೆ. 10 ಎಂ.ಎಲ್. ನೀರು ಹಾಕಿ, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿಯೇ ಅದನ್ನು ಕರಗಿಸಬೇಕು. ಜೋರಾಗಿ ಕುಲುಕಿದರೆ ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ, ಔಷಧಕ್ಕೂ ಪೆಟ್ಟು. ಇಂಥವು ಮೊದಲ ಸಲಕ್ಕೇ ಎಂಟು ಹತ್ತು ಬೇಕು. ತಡ ಆಗುತ್ತದೆ, ಅಲ್ವಾ?

ಹಾಗಾದರೆ ನೀರಾಗಿಯೇ ಕೊಡಬಾರದೇ? ಕೊಡಬಹುದು, ಅದೂ ಸಿಗುತ್ತದೆ. ಕಷ್ಟ ಇರುವುದು ಕಾಪಾಡುವುದರಲ್ಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಕುದುರೆಗೆ ಚೂರು ಚೂರೇ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಹುಟ್ಟುವ, ವಿಷವನ್ನು ತಡೆಯುವ ಪ್ರತಿಕಾಯವೇ ಈ ಔಷಧ. ಅದೊಂದು ಪ್ರೋಟೀನ್, ಮೊಟ್ಟೆಯ ಬಿಳಿಯಂತೆ. ಬೆಂದ ಬಿಳಿ ಮತ್ತೆ ತಿಳಿಯಾಗುತ್ತದೆಯೇ? ಬೇಯುವಷ್ಟೇನೂ ಬೇಡ, ತಿಂಗಳುಗಟ್ಟಲೆ ಸೆಕೆಯಲ್ಲಿಟ್ಟರೂ ಸಾಕು. ಮಡಚಿಕೊಂಡಿರುವ ಪ್ರತಿಕಾಯಗಳು ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅದಕ್ಕೇ ನೀರಿನ ಔಷಧ ಸದಾ 2ರಿಂದ 8 ಡಿಗ್ರಿಯಲ್ಲಿರಬೇಕು. ಹೆಪ್ಪುಗಟ್ಟಲೂಬಾರದು. ಮೇ ತಿಂಗಳಲ್ಲಿ 42 ಡಿಗ್ರಿ ಸುಡುವ, ಕರೆಂಟ್ ಆಗಾಗ ಹೋಗುವ ನಮ್ಮೂರಲ್ಲಿ ಅದು ಸುಮ್ನೆ ಮಾತಲ್ಲ.

ನೀರು ತೆಗೆದು ಪುಡಿ ಮಾಡಿಬಿಟ್ಟರೆ ಪ್ರತಿಕಾಯಕ್ಕೆ ಅಲುಗಾಡಲು, ಬಿಚ್ಚಿಕೊಳ್ಳಲು ಎಡೆಯೇ ಇಲ್ಲ. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ 1897ರಲ್ಲೇ ಇದನ್ನು ಹಿಡಿದಿದ್ದರು. ಗಂಟಲಮಾರಿ ರೋಗದ ಸೀರಮ್, ಅಂದರೆ ಪ್ರತಿಕಾಯವಿರುವ ರಕ್ತದ ತಿಳಿಯನ್ನು ಒಣಗಿಸಿ, ಗಾಳಿ ತೆಗೆದ ಗಾಜಿನಲ್ಲಿ, ತಣ್ಣಗೆ ಕತ್ತಲಲ್ಲಿಟ್ಟರು. ಉಳಿದ ಸೀರಮ್‌ಗಳ ಶಕ್ತಿ ಅಳೆಯಲು ಅದೇ ಅಳತೆಗೋಲಾಯಿತು.

ಇನ್ನು ಡಬ್ಬಿ ಮೇಲಿನ ಕೊನೆಯ ತಾರೀಖು. ಆ ರಾತ್ರಿ ಹನ್ನೆರಡಕ್ಕೆ ಔಷಧ ಸಾಯುವುದಿಲ್ಲ. ಹೇಳಿದಂತೆ ಇಟ್ಟರೆ ಅಲ್ಲಿಯವರೆಗೆ ಶಕ್ತಿ ಇರುತ್ತದೆ ಎಂಬ ಕಂಪನಿಯ ಮಾತು ಅದು. ಬೇರೆ ಗತಿಯೇ ಇಲ್ಲದಾಗ, ಈಚೆಗಷ್ಟೇ ಅವಧಿ ಮುಗಿದದ್ದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆ ತೀರ್ಮಾನ ಡಾಕ್ಟರದು, ನಮ್ಮದಲ್ಲ. ನನ್ನ ಕೇಳಿದರೆ, ಬಿಸಿಲಲ್ಲಿ ನಿಂತ ಜೀಪಿನೊಳಗೆ ದಿನಗಟ್ಟಲೆ ಬೆಂದ ಹೊಸ ಡಬ್ಬಿಯ ಭಯವೇ ಜಾಸ್ತಿ.

ಅಲ್ಲಿ ನೋಡಿ, ನರ್ಸ್ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದಿದ್ದಾರೆ. ತಿಳಿಯಾಗಿದೆ. ಇನ್ನು ಡ್ರಿಪ್‌ಗೆ ಸೇರಿಸುತ್ತಾರೆ.