ಸೈಕಲ್ಲಿನ ಮುಂದಿನ ಕ್ಯಾರಿಯರ್: ಭಾರ ಎಲ್ಲಿಗೆ ಇಳಿಯಬೇಕು?

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯ ಶಹಾಪುರ, ವಡಗಾವಿ, ಟಿಳಕವಾಡಿಯ ಬೀದಿಗಳಲ್ಲಿ ನಸುಕಿನಲ್ಲೇ ಸೈಕಲ್ಲುಗಳು ಹೊರಡುತ್ತವೆ. ಪತ್ರಿಕೆ ಹಂಚುವ ಹುಡುಗರು, ಹಾಲಿನವರು, ಸೊಪ್ಪು ಮಾರುವವರು. ಹಿಂದಿನ ಕ್ಯಾರಿಯರ್ ತುಂಬಿದ ಮೇಲೆ ಉಳಿದ ಸರಕೆಲ್ಲ ಹ್ಯಾಂಡಲ್ಲಿಗೆ ನೇತು ಬೀಳುತ್ತದೆ. ಆ ಚೀಲಗಳನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ. ಚೀಲ ಓಲಾಡಿದ ಕಡೆಗೆ ಹ್ಯಾಂಡಲ್ ಎಳೆಯುತ್ತದೆ. ಅದರ ಮೂಲೆ ಸ್ಪೋಕುಗಳ ನಡುವೆ ಸಿಕ್ಕಿತೆಂದರೆ ಮುಂದಿನ ಗಾಲಿ ಅಲ್ಲೇ ನಿಲ್ಲುತ್ತದೆ, ಸವಾರ ಮುಂದಕ್ಕೆ ಹಾರಿ ಬೀಳುತ್ತಾನೆ.

ಹೊರೆ ಹೊರುವ ಸೈಕಲ್ಲಿಗೆ ಮುಂದೆಯೂ ಗಟ್ಟಿಯಾದ ಕ್ಯಾರಿಯರ್ ಬೇಕು. ಅಂಗಡಿಯಲ್ಲಿ ಸಿಗುವ ತೆಳು ತಂತಿಯ ಬುಟ್ಟಿ ಶಾಲೆಯ ಪುಸ್ತಕಕ್ಕೆ ಸಾಕು, ದುಡಿಮೆಗೆ ಸಾಲದು. ಉದ್ಯಮಬಾಗದಂಥ ಕೈಗಾರಿಕಾ ಪ್ರದೇಶ ಇರುವ ನಮ್ಮ ಊರಿನಲ್ಲಿ ಕಬ್ಬಿಣ ಕತ್ತರಿಸಿ ಬೆಸೆಯುವವರಿಗೆ ಕೊರತೆಯಿಲ್ಲ. ನಮಗೆ ಏನು ಬೇಕೆಂದು ಅವರಿಗೆ ಸರಿಯಾಗಿ ಹೇಳಲು ಬಂದರೆ ಅರ್ಧ ಕೆಲಸ ಮುಗಿದಂತೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ: ಹೊರೆಯ ಭಾರ ಹ್ಯಾಂಡಲ್ಲಿನ ಮೇಲೆ ಕೂರದೆ ನೇರವಾಗಿ ಗಾಲಿಯ ನಡುವಿನ ಆ್ಯಕ್ಸಲ್ಲಿಗೆ ಇಳಿಯಬೇಕು.

ಮುಂದಿನ ಕ್ಯಾರಿಯರನ್ನು ಎರಡು ಬಗೆಯಲ್ಲಿ ಕೂರಿಸಬಹುದು. ಮುಂದಿನ ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕಿಗೆ ಕಟ್ಟಿದರೆ ಹ್ಯಾಂಡಲ್ ತಿರುಗಿದಂತೆ ಹೊರೆಯೂ ತಿರುಗುತ್ತದೆ. ಸೈಕಲ್ಲಿನ ಫ್ರೇಮಿಗೇ ಕಟ್ಟಿದರೆ ಗಾಲಿ ಮಾತ್ರ ತಿರುಗುತ್ತದೆ, ಹೊರೆ ನೇರವಾಗಿಯೇ ಇರುತ್ತದೆ. ಇಂಗ್ಲೆಂಡಿನಲ್ಲಿ ಅಂಗಡಿಯ ಸಾಮಾನು ಮನೆಮನೆಗೆ ಮುಟ್ಟಿಸುತ್ತಿದ್ದ ಹಳೆಯ ಸೈಕಲ್ಲುಗಳು ಎರಡನೆಯ ಬಗೆಯವು. ಅವುಗಳ ಮುಂದಿನ ಗಾಲಿ ಚಿಕ್ಕದು, ಅದರ ಮೇಲೆ ದೊಡ್ಡ ಬುಟ್ಟಿ ತಗ್ಗಿನಲ್ಲೇ ಕೂರುತ್ತಿತ್ತು. ಪ್ಯಾರಿಸ್ಸಿನಲ್ಲಿ ಪತ್ರಿಕೆಯ ಕಟ್ಟು ಒಯ್ಯುತ್ತಿದ್ದವರ ಸೈಕಲ್ಲುಗಳು ಮೊದಲನೆಯ ಬಗೆಯವು. ಹೊರೆ ಹೊತ್ತುಕೊಂಡೇ ಅವರು ಪಂದ್ಯಗಳಲ್ಲಿ ಓಡುತ್ತಿದ್ದರು. ನಾನು ಹೇಳುತ್ತಿರುವುದೂ ಈ ಮೊದಲನೆಯ ಬಗೆಯ ಕ್ಯಾರಿಯರ್.

ಹ್ಯಾಂಡಲ್ಲಿನ ಕಂಬವನ್ನು ಅದೇ ಓರೆಯಲ್ಲಿ ನೆಲದವರೆಗೆ ಎಳೆದಂತೆ ಕಲ್ಪಿಸಿಕೊಳ್ಳಿ. ಆ ಗೆರೆ ನೆಲ ಮುಟ್ಟುವ ಜಾಗ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದಿರುತ್ತದೆ. ಈ ಅಂತರ ಇರುವುದರಿಂದಲೇ ಗಾಲಿ ತಾನಾಗಿ ನೇರವಾಗುತ್ತದೆ. ಆದರೆ ಅದೇ ಅಂತರದಿಂದಾಗಿ ಹ್ಯಾಂಡಲ್ ತಿರುಗಿಸಿದಾಗ ಸೈಕಲ್ಲಿನ ಮೂತಿ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಮುಂದೆ ಭಾರವಿದ್ದರೆ ಆ ಭಾರ ಹ್ಯಾಂಡಲನ್ನು ಇನ್ನಷ್ಟು ತಿರುಗಿಸಲು ನೋಡುತ್ತದೆ. ನಿಧಾನವಾಗಿ ಹೋಗುವಾಗ ತೋಳಿಗೆ ತಿಳಿಯುವ ಜಗ್ಗಾಟ ಇದೇ. ಪ್ಯಾರಿಸ್ಸಿನ ಸೈಕಲ್ಲುಗಳಲ್ಲಿ ಈ ಅಂತರ ಕಡಿಮೆ ಇರುತ್ತಿದ್ದರಿಂದ ಮುಂದಿನ ಹೊರೆ ಅವರನ್ನು ಅಷ್ಟಾಗಿ ಕಾಡುತ್ತಿರಲಿಲ್ಲ. ನಮ್ಮ ಸೈಕಲ್ಲಿನ ಫೋರ್ಕನ್ನು ನಾವು ಬದಲಿಸಲಾರೆವು. ಹೊರೆಯನ್ನು ತಗ್ಗಿಸುವುದು, ಹಿಂದಕ್ಕೆ ಸರಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಹಲಗೆ, ಅಂದರೆ ಕ್ಯಾರಿಯರಿನಲ್ಲಿ ಹೊರೆ ಕೂರುವ ಮೇಲ್ಭಾಗ, ಮಡ್‌ಗಾರ್ಡಿಗೆ ತಾಗದಷ್ಟು ಎತ್ತರದಲ್ಲಿದ್ದರೆ ಸಾಕು, ಎರಡು ಬೆರಳಿನ ಸಂದು ಬಿಡಿ. ಹೊರೆಯ ನಡುಭಾಗ ಆ್ಯಕ್ಸಲ್ಲಿಗಿಂತ ಮುಂದೆ ಹೋಗಬಾರದು.

ಹಲಗೆಯ ಅಳತೆಯನ್ನು ಹೊರೆಯೇ ಹೇಳಲಿ. ತರಕಾರಿಗೆ ಬಳಸುವ ದೊಡ್ಡ ಪ್ಲಾಸ್ಟಿಕ್ ಕ್ರೇಟು 60 ಸೆಂಟಿಮೀಟರ್ ಉದ್ದ, 40 ಅಗಲ. ಮುಂದಿನ ಗಾಲಿಯ ಮೇಲೆ ಅದು ಅತಿಯಾಯಿತು. ಅದರ ಅರ್ಧದಷ್ಟು, 40ಕ್ಕೆ 30ರ ಕ್ರೇಟು ಹಿಡಿಸುವ ಹಲಗೆ ಮಾಡಿಸಿ. ಕ್ಯಾರಿಯರ್ ಎಂದೂ ಹ್ಯಾಂಡಲ್ಲಿಗಿಂತ ಅಗಲವಾಗಬಾರದು. ಹ್ಯಾಂಡಲ್ ತೂರಿದ ಸಂದಿಯಲ್ಲಿ ಕ್ಯಾರಿಯರೂ ತೂರಬೇಕು. ಇಪ್ಪತ್ತು ಲೀಟರ್ ಹಾಲಿನ ಕ್ಯಾನು, ಕ್ಯಾನಿನ ತೂಕ ಬಿಟ್ಟೇ, ಇಪ್ಪತ್ತು ಕಿಲೋ ಮೀರುತ್ತದೆ. ಅದನ್ನು ಮುಂದೆ ಏರಿಸಬೇಡಿ, ಅದರ ಜಾಗ ಹಿಂದೆಯೇ. ನಾನು ಹೇಳುತ್ತಿರುವ ಕ್ಯಾರಿಯರಿಗೆ ಹತ್ತು ಹನ್ನೆರಡು ಕಿಲೋ ಮಿತಿ.

ಸಾಮಗ್ರಿಗೆ 8 ಮಿಲಿಮೀಟರಿನ ಸಾದಾ ಉಕ್ಕಿನ ಗುಂಡು ಸಲಾಕೆ ಸಾಕು. ಸಲಾಕೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ಕಟ್ಟಡದ ಮೇಸ್ತ್ರಿಗಳಿಗೆ ಈ ಲೆಕ್ಕ ಬಾಯಿಪಾಠ. 8 ಮಿಲಿಮೀಟರಿನದು ಮೀಟರಿಗೆ ಸುಮಾರು 400 ಗ್ರಾಂ. ಇಡೀ ಕ್ಯಾರಿಯರಿಗೆ ಐದು ಮೀಟರಿನ ಒಳಗೇ ಸಲಾಕೆ ಹಿಡಿಯುವುದರಿಂದ ತೂಕ ಎರಡು ಕಿಲೋ ದಾಟುವುದಿಲ್ಲ. ದಪ್ಪವಿದ್ದಷ್ಟೂ ಒಳ್ಳೆಯದೆಂದು 10 ಮಿಲಿಮೀಟರ್ ಹಾಕಿಸಿದರೆ ಸುಮಾರು ಮೂರು ಕಿಲೋ ಆಗುತ್ತದೆ, ಏರಿನಲ್ಲಿ ಅದನ್ನೂ ನಾವೇ ತುಳಿಯಬೇಕು. ಕೊಳವೆ ಇನ್ನೂ ಹಗುರ, ನಿಜ. ಆದರೆ ತುದಿಗಳನ್ನು ಪೂರ್ತಿ ಮುಚ್ಚದಿದ್ದರೆ ನಮ್ಮ ಮಳೆಗಾಲದ ನೀರು ಒಳಗೆ ನಿಂತು, ಕಣ್ಣಿಗೆ ಕಾಣದಂತೆ ತುಕ್ಕು ತಿನ್ನುತ್ತದೆ.

ಪ್ರತಿ ಬದಿಯಲ್ಲಿ ಎರಡು ಕಾಲುಗಳು ಹಲಗೆಯ ಮುಂದಿನ ಮತ್ತು ಹಿಂದಿನ ಅಂಚಿನಿಂದ ಇಳಿದು ಆ್ಯಕ್ಸಲ್ಲಿನ ಬಳಿ ಕೂಡಬೇಕು. ಆಗ ಬದಿಯಿಂದ ನೋಡಿದರೆ ತ್ರಿಕೋನ ಕಾಣುತ್ತದೆ. ತ್ರಿಕೋನ ಸೊಟ್ಟಗಾಗುವುದಿಲ್ಲ. ಓರೆ ಸಲಾಕೆಯಿಲ್ಲದ ಚೌಕಟ್ಟು ಮಾತ್ರ ಕೀಲು ಸಡಿಲವಾದ ಹೊರಸಿನಂತೆ ವಾಲಾಡುತ್ತದೆ. ಎರಡು ಕಾಲು ಕೂಡುವಲ್ಲಿ 3 ಮಿಲಿಮೀಟರ್ ದಪ್ಪದ ಪಟ್ಟಿ ಬೆಸೆದು, ಆ್ಯಕ್ಸಲ್ ಹೋಗುವಷ್ಟು ತೂತು ಕೊರೆಯಿಸಿ. ಹಲಗೆಯ ಹಿಂಬದಿಯನ್ನು ಫೋರ್ಕಿನ ನೆತ್ತಿಯಲ್ಲಿರುವ ಬೋಲ್ಟಿನ ತೂತಿಗೆ ಒಂದು ಪಟ್ಟಿಯಿಂದ ಬಿಗಿಯಿರಿ. ಅದು ಭಾರ ಹೊರುವುದಕ್ಕಲ್ಲ, ಕ್ಯಾರಿಯರ್ ಮುಂದಕ್ಕೆ ಮಗುಚದಂತೆ ಹಿಡಿಯುವುದಕ್ಕೆ. ತಂತಿಯ ಬದಲು ಸಲಾಕೆಯಿಂದ ಎಳೆಯುವ ಬ್ರೇಕಿನ ಸೈಕಲ್ಲಾದರೆ ಬ್ರೇಕ್ ಹಿಡಿದಾಗ ಆ ಸಲಾಕೆ ಮೇಲೆ ಸರಿಯಲು ಜಾಗ ಉಳಿದಿದೆಯೇ ನೋಡಿ.

ಆ್ಯಕ್ಸಲ್ಲಿನ ವಿಷಯದಲ್ಲಿ ಯಾರ ಮಾತಿಗೂ ಒಪ್ಪಬೇಡಿ. ಎರಡು ಬದಿಗೂ ಪಟ್ಟಿ ಸೇರಿಸಿದಾಗ ಥ್ರೆಡ್ಡಿನ ಉದ್ದ ಅಷ್ಟು ಕಡಿಮೆಯಾಗುತ್ತದೆ. ನಟ್ ಪೂರ್ತಿ ಏರಿದ ಮೇಲೆ ಅದರ ಹೊರಗೆ ಒಂದೆರಡು ಸುತ್ತು ಥ್ರೆಡ್ ಕಾಣಲೇಬೇಕು. ಕಾಣದಿದ್ದರೆ ಉದ್ದದ ಆ್ಯಕ್ಸಲ್ ಹಾಕಿಸಿ. ಅದರ ಬೆಲೆ ಕಡಿಮೆ, ಮುಂದಿನ ಗಾಲಿ ಕಳಚಿದರೆ ತೆರುವ ಬೆಲೆ ಬೇರೆ.

ಬೆಸುಗೆಯವರಿಗೆ ಒಂದು ಬಿನ್ನಹ. ಫೋರ್ಕಿಗೆ ನೇರವಾಗಿ ಬೆಸೆಯಬೇಡಿ. ಆ ಶಾಖ ಫೋರ್ಕಿನ ತೆಳು ಕೊಳವೆಯನ್ನು ದುರ್ಬಲಗೊಳಿಸುತ್ತದೆ, ಬೆಸುಗೆಯ ಅಂಚಿನಲ್ಲೇ ಮುಂದೊಂದು ದಿನ ಬಿರುಕು ಹುಟ್ಟುತ್ತದೆ. ಸತುವಿನ ಲೇಪವಿರುವ ಸಲಾಕೆಯನ್ನೂ ಹಾಗೆಯೇ ಬೆಸೆಯಬೇಡಿ, ಅದರ ಹೊಗೆ ಜ್ವರ ತರಿಸುತ್ತದೆ. ಮೊದಲು ಎಲ್ಲ ಕೂಡುಗಳಿಗೂ ಚುಕ್ಕೆ ಬೆಸುಗೆ ಹಾಕಿ, ಕ್ಯಾರಿಯರನ್ನು ಸೈಕಲ್ಲಿಗೆ ಕೂರಿಸಿ, ಮುಂದೆ ನಿಂತು ಕಣ್ಣಳತೆ ಮಾಡಿ. ಬಿಸಿಯಾದ ಉಕ್ಕು ತಣಿಯುವಾಗ ಬೆಸುಗೆಯ ಕಡೆಗೆ ಎಳೆಯುವುದರಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೆಸೆದರೆ ಚೌಕ ತಿರುಚುವುದಿಲ್ಲ. ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಅದರ ಮೇಲೆ ಬಣ್ಣ.

ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಹಿಂದಿನ ಗಾಲಿಗೆ 40 ಸ್ಪೋಕುಗಳು, ಮುಂದಿನದಕ್ಕೆ 32. ಹಿಂದೆ ಭಾರ ಹೆಚ್ಚೆಂದೇ ಆ ಏರ್ಪಾಟು. ಆದ್ದರಿಂದ ಹೊರೆ ಏರಿಸುವ ಮುನ್ನ ಮುಂದಿನ ಗಾಲಿಯ ಸಡಿಲ ಸ್ಪೋಕುಗಳನ್ನು ಬಿಗಿ ಮಾಡಿಸಿ, ಗಾಳಿಯನ್ನು ಪೂರ್ತಿ ತುಂಬಿಸಿ.

ಕ್ರೇಟು ಕಟ್ಟಲು ಹಳೆಯ ಟ್ಯೂಬ್ ಕತ್ತರಿಸಿದ ಪಟ್ಟಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ತುದಿ ಜೋತು ಬೀಳದಂತೆ ಒಳಗೆ ಸಿಕ್ಕಿಸಿ. ಹೊರೆ ದೀಪವನ್ನು ಮರೆಮಾಡುವುದರಿಂದ ದೀಪವನ್ನು ಹಲಗೆಯ ಮುಂದಿನ ಅಂಚಿಗೆ ಇಳಿಸಬೇಕು. ಸ್ಟ್ಯಾಂಡ್ ಹಾಕಿದಾಗ ಗಾಲಿ ಗಿರಕ್ಕನೆ ತಿರುಗಿ ಸರಕು ಚೆಲ್ಲದಿರಲು ಫೋರ್ಕಿನಿಂದ ಫ್ರೇಮಿನ ಕೆಳಕೊಳವೆಗೆ ಒಂದು ಸ್ಪ್ರಿಂಗ್ ಸಿಕ್ಕಿಸುವುದು ಸುಲಭದ ಉಪಾಯ.

ಮೊದಲ ಸಲ ಖಾಲಿ ರಸ್ತೆಯಲ್ಲಿ ಅರ್ಧ ಹೊರೆ ಹಾಕಿ ತಿರುವು, ಬ್ರೇಕು ಎರಡನ್ನೂ ಪರೀಕ್ಷಿಸಿ. ರೈಲ್ವೆ ಗೇಟಿನ ಹಳಿಗಳನ್ನು ನೇರವಾಗಿ, ನಿಧಾನವಾಗಿ ದಾಟಿ. ಒಂದು ವಾರ ಓಡಿಸಿದ ಮೇಲೆ ಪಾನಾ ಹಿಡಿದು ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ, ಹೊಸ ಬಣ್ಣ ಒತ್ತಿ ತೆಳುವಾದಾಗ ಅವು ಸಡಿಲವಾಗಿರುತ್ತವೆ.

ನಮಸ್ಕಾರ.